ಬೇಟೆಗಾಗಿ ಸಾಕಿದ ಕೈ, ಬದುಕಿಗಾಗಿ ಸಾಕಿದ ಕೈ

ಇಂಗ್ಲೆಂಡಿನಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ವನ್ಯಪ್ರಾಣಿ ಆಸ್ಪತ್ರೆಗಳ ದೂರವಾಣಿಗೆ ಬಿಡುವೇ ಇರುವುದಿಲ್ಲ. ಹಿತ್ತಲಿನ ಶೆಡ್ಡಿನ ಕೆಳಗೆ ನಾಯಿಮರಿಯೊಂದು ಸಿಕ್ಕಿದೆ, ಯಾರೋ ಕರುಣೆಯಿಲ್ಲದವರು ಬಿಟ್ಟುಹೋಗಿದ್ದಾರೆ ಎಂದು ಒಬ್ಬರು ದೂರುತ್ತಾರೆ. ರಸ್ತೆ ಬದಿಯ ಚರಂಡಿಯಲ್ಲಿ ಬೆಕ್ಕಿನ ಮರಿ ಅಳುತ್ತಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಕಂದು ಬಣ್ಣದ ಉಣ್ಣೆಯಂಥ ಮೈ, ಮೊಂಡು ಮೂತಿ, ನೀಲಿ ಕಣ್ಣು. ಆಸ್ಪತ್ರೆಯವರು ಬಂದು ನೋಡಿದರೆ ಅದು ನಾಯಿಯೂ ಅಲ್ಲ, ಬೆಕ್ಕೂ ಅಲ್ಲ, ನರಿಯ ಮರಿ. ಬಾಲದ ತುದಿಯಲ್ಲಿ ಕಾಣುವ ಬಿಳಿ ಕೂದಲು ಅದರ ಗುರುತು ಹೇಳಿಬಿಡುತ್ತದೆ.

ಹೀಗೆ ಸಿಕ್ಕ ತಬ್ಬಲಿ ಮರಿಗಳನ್ನು ಹಾಲೂಡಿಸಿ, ಬೆಳೆಸಿ, ನಾಲ್ಕೈದು ತಿಂಗಳ ನಂತರ ಮತ್ತೆ ಬಯಲಿಗೆ ಬಿಡುವುದು ಬ್ರಿಟನ್ನಿನಲ್ಲಿ ಇಂದು ಒಂದು ವ್ಯವಸ್ಥಿತ ಕೆಲಸ. ಇದಕ್ಕೆಂದೇ ಆಸ್ಪತ್ರೆಗಳಿವೆ, ಸ್ವಯಂಸೇವಕರಿದ್ದಾರೆ, ಪುಸ್ತಕಗಳಿವೆ. ಆದರೆ ಇದೇ ದೇಶದಲ್ಲಿ ನೂರೈವತ್ತು ವರ್ಷಗಳ ಹಿಂದೆಯೂ ನರಿ ಮರಿಗಳನ್ನು ಮನುಷ್ಯರು ಕೈಯಾರೆ ಸಾಕುತ್ತಿದ್ದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆಗಲೂ ಅವುಗಳಿಗೆ ಆಹಾರ ಕೊಡುತ್ತಿದ್ದರು, ಬಿಲ ಕಟ್ಟಿಕೊಡುತ್ತಿದ್ದರು, ಬೆಳೆದ ಮೇಲೆ ಬಯಲಿಗೆ ಬಿಡುತ್ತಿದ್ದರು. ಬಿಟ್ಟದ್ದು ಮಾತ್ರ ಬೇಟೆನಾಯಿಗಳು ಬೆನ್ನಟ್ಟಲಿ ಎಂದು.

ಬೇಟೆಗಾಗಿ ಸಾಕಿದ ಕೈ ಬದುಕಿಗಾಗಿ ಸಾಕುವ ಕೈಯಾದ ಕಥೆ ಇದು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ಕನ್ನಡದಲ್ಲಿ ನಾವು ಎರಡು ಬೇರೆ ಬೇರೆ ಪ್ರಾಣಿಗಳನ್ನು ನರಿ ಎಂದೇ ಕರೆಯುತ್ತೇವೆ. ಕತ್ತಲಾಗುತ್ತಲೇ ಊರಾಚೆ ಗುಂಪಾಗಿ ಊಳಿಡುವುದು ಇಂಗ್ಲಿಷಿನವರ ಜಕಾಲ್. ಅದಕ್ಕಿಂತ ಚಿಕ್ಕದಾದ, ಪೊದೆಯಂಥ ಬಾಲದ, ಬಿಲ ತೋಡಿ ಮರಿ ಹಾಕುವ ಪ್ರಾಣಿ ಫಾಕ್ಸ್. ನಮ್ಮ ಬಯಲುಸೀಮೆಯಲ್ಲಿ ಎರಡೂ ಇವೆ. ಈ ಲೇಖನದ ನಾಯಕ ಎರಡನೆಯದರ ಯುರೋಪಿನ ಬಂಧು, ಕೆಂಪು ನರಿ.

ತಲೆಗೆ 12 ಪೆನ್ಸ್

ಇಂಗ್ಲೆಂಡಿನ ಕಾನೂನಿಗೆ ನರಿ ಮೊದಲು ಪರಿಚಯವಾದದ್ದು ಕಳ್ಳನಾಗಿ. ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1566ರಲ್ಲಿ, ಧಾನ್ಯ ಸಂರಕ್ಷಣೆಗೆಂದು ಒಂದು ಕಾಯ್ದೆ ಬಂತು. ಬೆಳೆಗೂ ಸಾಕುಪ್ರಾಣಿಗೂ ಕಂಟಕವೆನಿಸಿದ ಪ್ರಾಣಿ ಪಕ್ಷಿಗಳ ಪಟ್ಟಿಯೊಂದನ್ನು ಅದರಲ್ಲಿ ಕೊಟ್ಟು, ಕೊಂದು ತಂದವರಿಗೆ ಚರ್ಚಿನ ಅಧಿಕಾರಿಗಳು ಬಹುಮಾನ ಕೊಡಬೇಕೆಂದು ವಿಧಿಸಲಾಯಿತು. ಇಲಿ, ಕಾಗೆಗಳಿಗೆ ಪುಡಿಗಾಸು. ನರಿಯ ತಲೆಗೆ ಮಾತ್ರ 12 ಪೆನ್ಸ್. ಕೋಳಿ, ಬಾತು, ಕುರಿಮರಿಗಳನ್ನು ಎತ್ತಿಕೊಂಡು ಹೋಗುವ ಪ್ರಾಣಿಯ ಮೇಲೆ ರೈತನಿಗೆ ಕರುಣೆ ಇರಲು ಕಾರಣವೂ ಇರಲಿಲ್ಲ.

ಶ್ರೀಮಂತರ ಬೇಟೆಯ ಪಟ್ಟಿಯಲ್ಲೂ ನರಿಗೆ ಬಹುಕಾಲ ಸ್ಥಾನವಿರಲಿಲ್ಲ. ಅರಸರೂ ಜಮೀನುದಾರರೂ ಬೇಟೆಯಾಡುತ್ತಿದ್ದುದು ಜಿಂಕೆಯನ್ನು. ಕಾಡು ಕಡಿದು ಹೊಲವಾದಂತೆ ಜಿಂಕೆಗಳು ಕಡಿಮೆಯಾದವು. ಆಗ ಬೇಟೆಗಾರರ ಕಣ್ಣು ಬಿದ್ದದ್ದು ನರಿಯ ಮೇಲೆ. ಲೆಸ್ಟರ್‌ಷೈರಿನ ಕ್ವಾರ್ನ್ ಬೇಟೆ ತಂಡವನ್ನು 1753ರಿಂದ ಸುಮಾರು ಅರ್ಧ ಶತಮಾನ ನಡೆಸಿದ ಹ್ಯೂಗೊ ಮೆನೆಲ್ ವೇಗವಾಗಿ ಓಡುವ ಬೇಟೆನಾಯಿಗಳ ತಳಿಯನ್ನು ಬೆಳೆಸಿದ. ಮುಂಜಾನೆ ಮೆಲ್ಲಗೆ ವಾಸನೆ ಹಿಡಿದು ನಡೆಯುತ್ತಿದ್ದ ಬೇಟೆ, ಹಗಲಿನಲ್ಲಿ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುವ ಆಟವಾಯಿತು. ಕೆಂಪು ಕೋಟು, ಕಹಳೆ, ಬೇಲಿ ಹಾರುವ ಕುದುರೆಗಳ ಚಿತ್ರ ಇಂಗ್ಲೆಂಡಿನ ಹಳ್ಳಿಗಾಡಿನ ಗುರುತೇ ಆಗಿಬಿಟ್ಟಿತು.

ಈ ಆಟ ಆಂಗ್ಲರ ಜೊತೆಗೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ನೀಲಗಿರಿಯ ಊಟಿಯಲ್ಲಿ ಬ್ರಿಟಿಷ್ ಅಧಿಕಾರಿಗಳು ಬೇಟೆನಾಯಿಗಳನ್ನು ಸಾಕಿ, ಕೆಂಪು ಕೋಟು ತೊಟ್ಟು, ಹುಲ್ಲಿನ ಗುಡ್ಡಗಳ ಮೇಲೆ ಕುದುರೆ ಓಡಿಸಿದರು. ಅಲ್ಲಿ ಅವರ ಊರಿನ ಕೆಂಪು ನರಿ ಇರಲಿಲ್ಲ. ಆದ್ದರಿಂದ ನಮ್ಮ ಊಳಿಡುವ ನರಿಯೇ ಆ ಪಾತ್ರ ವಹಿಸಬೇಕಾಯಿತು.

ಮಾರುಕಟ್ಟೆಗೆ ಬಂದ ಮರಿಗಳು

ಆಟ ಬೆಳೆದಂತೆ ಹೊಸ ತೊಂದರೆಯೊಂದು ಎದುರಾಯಿತು. ಬೇಟೆ ತಂಡಗಳು ಹೆಚ್ಚಾದವು, ನರಿಗಳು ಸಾಲದಾದವು. ಕೆಲವು ಪ್ರಾಂತ್ಯಗಳಲ್ಲಿ ಕಹಳೆ ಊದಿ, ನಾಯಿ ಬಿಟ್ಟು, ದಿನವಿಡೀ ಅಲೆದರೂ ಒಂದು ನರಿ ಏಳದಂಥ ಸ್ಥಿತಿ. ಆಗ ಹೂಡಿದ ಉಪಾಯ ವಿಚಿತ್ರವಾಗಿತ್ತು. ಕೊಲ್ಲಲು ನರಿ ಬೇಕಾದರೆ ನರಿಯನ್ನು ಮೊದಲು ಉಳಿಸಬೇಕಲ್ಲವೇ?

ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸ್, ಜರ್ಮನಿ, ಹಾಲೆಂಡುಗಳಿಂದ ಜೀವಂತ ನರಿಗಳನ್ನು ಹಡಗಿನಲ್ಲಿ ತರಿಸತೊಡಗಿದರು. ಲಂಡನ್ನಿನ ಲೆಡನ್‌ಹಾಲ್ ಮಾರುಕಟ್ಟೆ ಮಾಂಸಕ್ಕೂ ಕೋಳಿಗೂ ಹೆಸರಾದದ್ದು. ಅದೇ ಮಾರುಕಟ್ಟೆಯಲ್ಲಿ ನರಿಗಳೂ ಮಾರಾಟಕ್ಕೆ ಬಂದವು. ಹೀಗೆ ಕೊಂಡು ತಂದ ನರಿಗೆ ಬೇಟೆಗಾರರ ಬಾಯಲ್ಲಿ ‘ಲೆಡನ್‌ಹಾಲರ್’ ಎಂಬ ಹೆಸರೇ ಬಿತ್ತು. ಊರಿನ ಬಡ ಕೂಲಿಕಾರರಿಗೂ ಇದೊಂದು ಸಂಪಾದನೆ. ವಸಂತದಲ್ಲಿ ಬಿಲ ಅಗೆದು ಮರಿಗಳನ್ನು ಕದ್ದು, ಪಕ್ಕದ ಪ್ರಾಂತ್ಯದ ಬೇಟೆ ತಂಡಕ್ಕೆ ಮಾರುವ ದಂಧೆ ನಡೆಯಿತು. ತಮ್ಮ ನರಿಯನ್ನು ತಾವೇ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕಾದೀತು ಎಂದು ಬೇಟೆ ತಂಡದ ಯಜಮಾನರು ಗೊಣಗುವಂತಾಯಿತು.

ಕೊಂಡ ಮರಿಗಳನ್ನು ಸಾಕಲು ಇಟ್ಟಿಗೆ, ಕಲ್ಲು, ಕೊಳವೆಗಳಿಂದ ಕೃತಕ ಬಿಲಗಳನ್ನು ಕಟ್ಟಲಾಯಿತು. ಅಡಗಿಕೊಳ್ಳಲು ಗಾರ್ಸ್ ಎಂಬ ಮುಳ್ಳುಪೊದೆಯ ತೋಪುಗಳನ್ನು ಬೆಳೆಸಲಾಯಿತು. ಬಾಯಿಗೆ ಆಹಾರ, ತಲೆಗೆ ಸೂರು, ಎಲ್ಲವೂ ಉಂಟು. ಮರಿ ಆರು ತಿಂಗಳು ತುಂಬುವ ಹೊತ್ತಿಗೆ ಶರತ್ಕಾಲ ಬರುತ್ತಿತ್ತು, ಅದರ ಜೊತೆಗೆ ‘ಕಬ್ಬಿಂಗ್’ ಕೂಡ. ಕಬ್ಬಿಂಗ್ ಎಂದರೆ ಎಳೆಯ ಬೇಟೆನಾಯಿಗಳಿಗೆ ಎಳೆಯ ನರಿಗಳ ಮೇಲೆ ಪಾಠ ಹೇಳಿಕೊಡುವ ಬೇಟೆ. ಅದರಲ್ಲಿ ಉಳಿದ ನರಿಗಳು ಚೆದುರಿ ಓಡಿ, ಚಳಿಗಾಲದ ದೊಡ್ಡ ಬೇಟೆಗೆ ಒದಗುತ್ತಿದ್ದವು.

ಆ ಕಾಲದ ಹಳ್ಳಿಗಾಡಿನ ನೀತಿಯೇ ತಿರುವುಮುರುವಾಗಿತ್ತು. ನಾಯಿಗಳ ಬಾಯಲ್ಲಿ ನರಿ ಸತ್ತರೆ ಅದು ಗೌರವದ ಕ್ರೀಡೆ. ಕೋಳಿ ಕಳೆದುಕೊಂಡ ರೈತ ಅದೇ ನರಿಗೆ ಗುಂಡು ಹಾಕಿದರೆ, ವಿಷವಿಟ್ಟರೆ ಊರಿನಲ್ಲಿ ಅವನಿಗೆ ಮುಖ ಎತ್ತಲಾಗದಂಥ ಅವಮಾನ. ಕಾನೂನಿನಲ್ಲಿ ಇಲ್ಲದ ಈ ಅಪರಾಧಕ್ಕೆ ‘ವಲ್ಪಿಸೈಡ್’, ಅಂದರೆ ನರಿಹತ್ಯೆ, ಎಂಬ ಹೆಸರಿತ್ತು. ಬೇಟೆಯ ಹುಚ್ಚು ಹತ್ತಿಸಿಕೊಂಡಿದ್ದ ಕಾದಂಬರಿಕಾರ ಆಂಥೊನಿ ಟ್ರಾಲಪ್ 1877ರ ‘ದಿ ಅಮೆರಿಕನ್ ಸೆನೆಟರ್’ ಕಾದಂಬರಿಯಲ್ಲಿ ನರಿಗೆ ವಿಷವಿಟ್ಟ ರೈತನ ಸುತ್ತ ಏಳುವ ಗಲಾಟೆಯನ್ನೇ ಕಥೆಯ ಎಳೆಯಾಗಿ ಬಳಸಿದ್ದಾನೆ. ಹೊರಗಿನಿಂದ ಬಂದ ಅಮೆರಿಕನ್ನನಿಗೆ ಇದೆಂಥ ನ್ಯಾಯ ಎಂದು ಅರ್ಥವೇ ಆಗುವುದಿಲ್ಲ.

ಬೇಟೆಯಿಂದಲೇ ನರಿಗಳು ಉಳಿದವು ಎಂದು ಬೇಟೆಗಾರರು ಹೇಳುತ್ತಿದ್ದರು. ಆ ಮಾತಿನಲ್ಲಿ ಒಂದಿಷ್ಟು ಸತ್ಯವೂ ಇದೆ. ಮುಳ್ಳುತೋಪುಗಳು, ಕೃತಕ ಬಿಲಗಳು, ರೈತರ ಬಂದೂಕಿನ ಮೇಲಿನ ಸಾಮಾಜಿಕ ನಿರ್ಬಂಧ ಇವೆಲ್ಲ ನರಿ ಸಂತತಿಗೆ ನೆರವಾದವು. ಆದರೆ ಆ ಕಾಳಜಿ ಸಂತತಿಯ ಮೇಲಿತ್ತು. ಒಂದೊಂದು ನರಿಯ ನೋವು ಯಾರ ಲೆಕ್ಕಕ್ಕೂ ಬರಲಿಲ್ಲ.

ಕಾನೂನಿನ ಕಣ್ಣಿಗೆ ಬೀಳದ ಪ್ರಾಣಿ

ಪ್ರಾಣಿದಯೆಯ ವಿಷಯದಲ್ಲಿ ಬ್ರಿಟನ್ ಹಿಂದುಳಿದ ದೇಶವೇನಲ್ಲ. ಜಾನುವಾರುಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯ್ದೆಯನ್ನು ರಿಚರ್ಡ್ ಮಾರ್ಟಿನ್ ಎಂಬ ಸಂಸದ 1822ರಲ್ಲೇ ತಂದ. 1824ರಲ್ಲಿ ಲಂಡನ್ನಿನ ಕಾಫಿ ಹೌಸ್ ಒಂದರಲ್ಲಿ ಕೆಲವರು ಸೇರಿ ಪ್ರಾಣಿದಯಾ ಸಂಘ ಸ್ಥಾಪಿಸಿದರು. 1840ರಲ್ಲಿ ವಿಕ್ಟೋರಿಯಾ ರಾಣಿಯ ಅನುಮತಿಯಿಂದ ಅದು ‘ರಾಯಲ್’ ಸೇರಿಸಿಕೊಂಡು ಆರ್‌ಎಸ್‌ಪಿಸಿಎ ಆಯಿತು. ಗಾಡಿ ಎಳೆಯುವ ಕುದುರೆ, ಕಸಾಯಿಖಾನೆಯ ದನ, ಬೀದಿಯ ನಾಯಿ ಹೀಗೆ ಒಂದೊಂದೇ ಪ್ರಾಣಿ ದಯೆಯ ಪರಿಧಿಯೊಳಗೆ ಬಂತು.

ನರಿ ಮಾತ್ರ ಹೊರಗೇ ಉಳಿಯಿತು. 1911ರ ಪ್ರಾಣಿ ರಕ್ಷಣಾ ಕಾಯ್ದೆ ಸಾಕುಪ್ರಾಣಿಗಳಿಗೆ ಮತ್ತು ಸೆರೆಯಲ್ಲಿರುವ ಪ್ರಾಣಿಗಳಿಗೆ ಸೀಮಿತವಾಗಿತ್ತು. ಬಯಲಿನಲ್ಲಿ ಸ್ವತಂತ್ರವಾಗಿ ಓಡಾಡುವ ನರಿಗೆ ಯಾರಾದರೂ ಚಿತ್ರಹಿಂಸೆ ಕೊಟ್ಟರೆ ಅದನ್ನು ಕ್ರೌರ್ಯವೆಂದು ಪರಿಗಣಿಸಲು ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ಸ್ವಾತಂತ್ರ್ಯವೇ ಅದಕ್ಕೆ ಮುಳುವಾಯಿತು ಎನ್ನಬಹುದು. ಬೇಟೆಯನ್ನು ವಿರೋಧಿಸಲೆಂದೇ 1924ರಲ್ಲಿ ಕ್ರೂರ ಕ್ರೀಡೆಗಳ ವಿರುದ್ಧದ ಲೀಗ್ ಹುಟ್ಟಿಕೊಂಡಿತು. ಆದರೂ ಕಾಡು ಸಸ್ತನಿಗಳನ್ನು ಸಾಮಾನ್ಯ ಹಿಂಸೆಯಿಂದ ರಕ್ಷಿಸುವ ಕಾಯ್ದೆ ಬರಲು 1996ರವರೆಗೆ ಕಾಯಬೇಕಾಯಿತು. ಅದರಲ್ಲೂ ಬೇಟೆಗೆ ವಿನಾಯಿತಿ ಇತ್ತು.

ಊರಿಗೆ ಬಂದ ನರಿ

ಜನರ ಮನಸ್ಸು ಬದಲಾಗಲು ಕಾನೂನಿಗಿಂತ ಹೆಚ್ಚಾಗಿ ಕಾರಣವಾದದ್ದು ಬಹುಶಃ ಮನೆ ಕಟ್ಟುವ ರೀತಿ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಲಂಡನ್ ಮತ್ತು ದಕ್ಷಿಣ ಇಂಗ್ಲೆಂಡಿನ ಇತರ ನಗರಗಳ ಹೊರವಲಯಗಳಲ್ಲಿ ದೊಡ್ಡ ಹಿತ್ತಲುಗಳಿರುವ ಮನೆಗಳು ಸಾಲುಸಾಲಾಗಿ ಎದ್ದವು. ಹಿತ್ತಲಲ್ಲಿ ಎರೆಹುಳು, ಇಲಿ, ಹಕ್ಕಿ, ಬಿದ್ದ ಹಣ್ಣು, ಮಿಕ್ಕ ಅಡುಗೆ. ಶೆಡ್ಡಿನ ಕೆಳಗೆ ಬೆಚ್ಚನೆಯ ಜಾಗ. ಹಿಂದೆ ಬರುವ ನಾಯಿ ಹಿಂಡೂ ಇಲ್ಲ. 1930ರ ದಶಕದಿಂದ ನರಿಗಳು ಈ ಬಡಾವಣೆಗಳಲ್ಲಿ ನೆಲೆಸತೊಡಗಿದವು.

ಹಳ್ಳಿಯ ರೈತ ನರಿಯನ್ನು ಕಾಣುತ್ತಿದ್ದುದು ಕೋಳಿಗೂಡಿನ ಬಳಿ. ನಗರದ ಮಕ್ಕಳು ಅದನ್ನು ಕಂಡದ್ದು ಅಡುಗೆಮನೆಯ ಕಿಟಕಿಯಿಂದ, ಹುಲ್ಲುಹಾಸಿನ ಮೇಲೆ ತಾಯಿಯ ಬಾಲ ಎಳೆದು ಆಡುವ ಮರಿಗಳ ರೂಪದಲ್ಲಿ. ಇದೇ ಪ್ರಾಣಿ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಬಿದ್ದಿರುವುದನ್ನೂ ಅವರೇ ಮೊದಲು ನೋಡಿದರು. ಗಾಯಗೊಂಡ ನರಿಯನ್ನು ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆ ಎದ್ದಾಗ ಉತ್ತರ ಇರಲಿಲ್ಲ. ಪಶುವೈದ್ಯರಿಗೆ ನಾಯಿ, ಬೆಕ್ಕು, ದನ ಗೊತ್ತು. ಕಾಡುಪ್ರಾಣಿ ಬಂದರೆ ನೋವಿಲ್ಲದೆ ಸಾಯಿಸುವುದೇ ಹೆಚ್ಚಾಗಿ ದಯೆ ಎನಿಸಿತ್ತು.

ಈ ಕೊರತೆಯನ್ನು ತುಂಬಿದವರು ಸಾಮಾನ್ಯ ಗೃಹಸ್ಥರು. ಲೆಸ್ ಸ್ಟಾಕರ್ ಎಂಬಾತ ಹೆಂಡತಿ ಮಗನೊಡನೆ 1978ರಲ್ಲಿ ಬಕಿಂಗ್‌ಹ್ಯಾಮ್‌ಷೈರಿನ ತನ್ನ ಮನೆಯಲ್ಲೇ ಗಾಯಗೊಂಡ ಕಾಡುಪ್ರಾಣಿಗಳ ಆರೈಕೆ ಶುರುಮಾಡಿದ. ಅದು ಬೆಳೆದು 1991ರಲ್ಲಿ ಹ್ಯಾಡನ್‌ಹ್ಯಾಮ್ ಎಂಬಲ್ಲಿ ಟಿಗಿವಿಂಕಲ್ಸ್ ಎಂಬ ಪೂರ್ಣ ಪ್ರಮಾಣದ ವನ್ಯಪ್ರಾಣಿ ಆಸ್ಪತ್ರೆಯಾಯಿತು. ಸ್ಟಾಕರ್ ಬರೆದ ಆರೈಕೆಯ ಕೈಪಿಡಿ ಪಶುವೈದ್ಯರ ಕಪಾಟಿಗೂ ಸೇರಿತು. ಅದೇ 1991ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಟ್ರೆವರ್ ವಿಲಿಯಮ್ಸ್ ನರಿಗಳಿಗೆಂದೇ ‘ದಿ ಫಾಕ್ಸ್ ಪ್ರಾಜೆಕ್ಟ್’ ಸ್ಥಾಪಿಸಿದ. ಈತ ಹಿಂದೆ ರಾಕ್ ಸಂಗೀತ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದವನು. ಹಿತ್ತಲಿನ ನರಿಯಿಂದ ಕಿರಿಕಿರಿಯಾದವರಿಗೆ ಅದನ್ನು ಕೊಲ್ಲದೆ ದೂರವಿಡುವ ಉಪಾಯ ಹೇಳುವುದರಿಂದ ಮೊದಲಾದ ಸಂಸ್ಥೆ, ಈಗ ವರ್ಷಕ್ಕೆ ನೂರಾರು ಮರಿಗಳನ್ನು ಸಾಕಿ ಬಿಡುತ್ತದೆ.

ನೂರು ಗ್ರಾಂ ಜೀವ

ಮರಿಯನ್ನು ಉಳಿಸಬೇಕಾದರೆ ಅದರ ಬಾಲ್ಯವನ್ನು ತಿಳಿದಿರಬೇಕು. ಹೆಣ್ಣು ನರಿ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ ಮಾತ್ರ ಬೆದೆಗೆ ಬರುತ್ತದೆ. 52-53 ದಿನಗಳ ಗರ್ಭದ ನಂತರ ಮಾರ್ಚ್ ಸುಮಾರಿಗೆ ನಾಲ್ಕೈದು ಮರಿಗಳು ಹುಟ್ಟುತ್ತವೆ. ಒಂದೊಂದರ ತೂಕ ಸುಮಾರು 100 ಗ್ರಾಂ. ಕಣ್ಣು ಕಾಣದು, ಕಿವಿ ಕೇಳದು, ಮೈಯ ಶಾಖವನ್ನು ತಾವೇ ಕಾಪಾಡಿಕೊಳ್ಳಲೂ ಆಗದು. ಅದಕ್ಕೇ ಮೊದಲ ಎರಡು ವಾರ ತಾಯಿ ಬಿಲ ಬಿಟ್ಟು ಕದಲುವುದು ಕಡಿಮೆ. ಗಂಡು ನರಿ ಆಹಾರ ತಂದು ಕೊಡುತ್ತದೆ. ಎರಡನೇ ವಾರದಲ್ಲಿ ಕಣ್ಣು ತೆರೆದಾಗ ಅವು ನೀಲಿ. ನಾಲ್ಕೈದು ವಾರಕ್ಕೆ ಹಳದಿಗೆ ತಿರುಗುತ್ತವೆ. ಕಂದು ಮೈ ಕೆಂಪಾಗುವುದು, ಮೂತಿ ಚೂಪಾಗುವುದು, ಮರಿ ಬಿಲದಿಂದ ಹೊರಗೆ ತಲೆ ಹಾಕುವುದು ಇದೇ ಸಮಯಕ್ಕೆ. ತಬ್ಬಲಿ ಎಂದು ಜನ ಮರಿಗಳನ್ನು ಎತ್ತಿಕೊಂಡು ಬರುವುದೂ ಆಗಲೇ.

ಇಲ್ಲಿ ಆಸ್ಪತ್ರೆಗಳು ಕಲಿತ ಮೊದಲ ಪಾಠವಿದೆ. ಒಂಟಿಯಾಗಿ ಸಿಕ್ಕ ಮರಿಯೆಲ್ಲ ತಬ್ಬಲಿಯಲ್ಲ. ಬಿಲಕ್ಕೆ ತೊಂದರೆಯಾದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ನಡುವೆ ಮನುಷ್ಯರ ಸದ್ದು ಕೇಳಿದರೆ ಕಚ್ಚಿಕೊಂಡಿದ್ದನ್ನು ಅಲ್ಲೇ ಇಳಿಸಿ ಮರೆಯಾಗುತ್ತದೆ. ಬೆಳೆದ ಮರಿಗಳಂತೂ ಹಗಲಲ್ಲೂ ಬಿಲದ ಹೊರಗೆ ತಾವೇ ಆಡಿಕೊಂಡಿರುತ್ತವೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ನಂಬಿಕೆ ಮಾತ್ರ. ಮರಿಗೆ ಗಾಯವಾಗಿರದಿದ್ದರೆ, ಕಣ್ಣು ತೆರೆದಿದ್ದರೆ, ಸಿಕ್ಕ ಜಾಗದಲ್ಲೇ ಬಿಟ್ಟು ದೂರ ಸರಿಯಬೇಕು. ತೀರಾ ಎಳೆಯದಾದರೆ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಕತ್ತಲಾದ ಮೇಲೆ ಅದೇ ಜಾಗದಲ್ಲಿ ಇಡಬೇಕು. ಎಷ್ಟೋ ಸಲ ಬೆಳಗಾಗುವಷ್ಟರಲ್ಲಿ ಪೆಟ್ಟಿಗೆ ಖಾಲಿಯಾಗಿರುತ್ತದೆ. ಅನುಭವಿಗಳ ಪ್ರಕಾರ ಅತ್ಯುತ್ತಮ ರಕ್ಷಣೆ ಇದೇ.

ತಾಯಿ ರಸ್ತೆಯಲ್ಲಿ ಸತ್ತಿರುವುದು ಖಚಿತವಾದಾಗ, ಮರಿಗೆ ಗಾಯವೋ ಕಾಯಿಲೆಯೋ ಆದಾಗ ಮಾತ್ರ ಕೈಯಾರೆ ಸಾಕುವ ಪ್ರಶ್ನೆ ಬರುತ್ತದೆ. ಮೊದಲು ಶಾಖ, ಆಮೇಲೆ ಆಹಾರ. ತಣ್ಣಗಾದ ಮರಿಗೆ ಹಾಲು ಕೊಟ್ಟರೆ ಜೀರ್ಣವಾಗದು. ಹಸುವಿನ ಹಾಲು ಒಗ್ಗುವುದಿಲ್ಲವಾದ್ದರಿಂದ ನಾಯಿಮರಿಗಳಿಗೆಂದು ತಯಾರಾದ ಹಾಲಿನ ಪುಡಿ ಕಲಸಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲೂ ಕುಡಿಸಬೇಕು. ತಾಯಿ ನೆಕ್ಕಿ ಮಾಡಿಸುವ ಮಲಮೂತ್ರವನ್ನು ಒದ್ದೆ ಹತ್ತಿಯಿಂದ ಒರೆಸಿ ಮಾಡಿಸಬೇಕು. ಹುಳುವಿನ ಔಷಧಿ, ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ವಿರುದ್ಧ ಲಸಿಕೆ, ಕಜ್ಜಿಗೆ ಚಿಕಿತ್ಸೆ ಇವೆಲ್ಲ ಆಗಬೇಕು. ಕಜ್ಜಿ ಎಂದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1994ರಲ್ಲಿ ಬ್ರಿಸ್ಟಲ್ ನಗರಕ್ಕೆ ಕಾಲಿಟ್ಟ ಕಜ್ಜಿ ರೋಗ ಅಲ್ಲಿನ ಶೇಕಡಾ 95ಕ್ಕೂ ಹೆಚ್ಚು ನರಿಗಳನ್ನು ಎರಡೇ ವರ್ಷಗಳಲ್ಲಿ ಬಲಿ ತೆಗೆದುಕೊಂಡಿತು.

ಮುದ್ದು ಮಾಡದಿರುವ ಕಷ್ಟ

ಇಷ್ಟೆಲ್ಲ ಮಾಡುವಾಗ ಮಾಡಬಾರದ ಕೆಲಸ ಒಂದಿದೆ. ಮುದ್ದು ಮಾಡುವಂತಿಲ್ಲ. ಹೆಸರಿಟ್ಟು ಕರೆಯುವಂತಿಲ್ಲ, ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ, ಮನೆಯ ನಾಯಿಯ ಜೊತೆ ಆಡಲು ಬಿಡುವಂತಿಲ್ಲ. ಮನುಷ್ಯನನ್ನು ಕಂಡು ಓಡಿ ಬರುವ ನರಿ ಬಯಲಿನಲ್ಲಿ ಹೆಚ್ಚು ದಿನ ಬದುಕದು. ಎದುರಿಗೆ ನಿಂತ ಮನುಷ್ಯ ಹಾಲು ಕುಡಿಸಿದವನೋ ಬಂದೂಕು ಹಿಡಿದವನೋ ಎಂದು ಅದಕ್ಕೆ ತಿಳಿಯುವ ಬಗೆ ಯಾವುದು? ನಾಯಿ ಎಂದರೆ ಗೆಳೆಯ ಎಂದು ಕಲಿತ ಮರಿಗೆ ಮೊದಲ ನಾಯಿಯೇ ಯಮನಾದೀತು.

ಆದ್ದರಿಂದ ಒಂಟಿ ಮರಿಯನ್ನು ಆದಷ್ಟು ಬೇಗ ಬೇರೆ ತಬ್ಬಲಿ ಮರಿಗಳ ಜೊತೆ ಸೇರಿಸುತ್ತಾರೆ. ಬೇರೆ ಬೇರೆ ಊರುಗಳಿಂದ ಬಂದ ನಾಲ್ಕೈದು ಮರಿಗಳು ಸೇರಿ ಒಂದು ಕೃತಕ ಕುಟುಂಬವಾಗುತ್ತದೆ. ಕಚ್ಚಾಟ, ಜಗಳ, ದೊಡ್ಡವರು ಚಿಕ್ಕವರೆಂಬ ಕ್ರಮ ಎಲ್ಲವನ್ನೂ ಅವು ಪರಸ್ಪರ ಕಲಿಯುತ್ತವೆ. ಮನುಷ್ಯ ನಿಧಾನವಾಗಿ ಹಿಂದೆ ಸರಿಯುತ್ತಾನೆ. ಆಹಾರ ಇಟ್ಟು ಮಾತಾಡದೆ ಹೋಗುತ್ತಾನೆ.

ಈ ಎಚ್ಚರ ಎಷ್ಟರ ಮಟ್ಟಿಗೆ ಹೋಗಬಲ್ಲದು ಎಂಬುದಕ್ಕೆ ಅಟ್ಲಾಂಟಿಕ್ ಸಾಗರದ ಆಚೆಗಿನ ಒಂದು ಉದಾಹರಣೆ ಸಾಕು. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ವನ್ಯಪ್ರಾಣಿ ಕೇಂದ್ರಕ್ಕೆ 2024ರಲ್ಲಿ ಆಗಷ್ಟೇ ಹುಟ್ಟಿದ ಮರಿಯೊಂದು ಬಂತು. ಸಿಬ್ಬಂದಿ ದೊಡ್ಡ ನರಿಯ ಮುಖವಾಡ ತೊಟ್ಟು, ಅದನ್ನು ನರಿಯಾಕಾರದ ಮೆತ್ತನೆಯ ಬೊಂಬೆಯ ಮೇಲೆ ಮಲಗಿಸಿ ಹಾಲು ಕುಡಿಸಿದರು. ಆ ದೃಶ್ಯ ನೋಡಿ ಜಗತ್ತೆಲ್ಲ ನಕ್ಕಿತು. ಆದರೆ ಅದರ ಹಿಂದಿದ್ದುದು ನಗೆಯ ವಿಷಯವಲ್ಲ. ಮರಿಯ ಮನಸ್ಸಿನಲ್ಲಿ ಅನ್ನದಾತನ ಮುಖವಾಗಿ ಮನುಷ್ಯನ ಮುಖ ಅಚ್ಚೊತ್ತಬಾರದು ಎಂಬ ಕಾಳಜಿ ಅದು.

ಹಾಗಾದರೆ ನಾಯಿಯಂತೆ ಮನೆಯಲ್ಲೇ ಸಾಕಿಕೊಂಡರೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ರಷ್ಯಾದಲ್ಲಿದೆ. ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ದಿಮಿತ್ರಿ ಬೆಲ್ಯಾಯೆವ್ ಎಂಬ ತಳಿವಿಜ್ಞಾನಿ 1959ರಲ್ಲಿ ತುಪ್ಪಳಕ್ಕಾಗಿ ಸಾಕಿದ ನರಿಗಳ ಮೇಲೆ ಪ್ರಯೋಗವೊಂದನ್ನು ಆರಂಭಿಸಿದ. ಪ್ರತಿ ತಲೆಮಾರಿನಲ್ಲೂ ಮನುಷ್ಯನಿಗೆ ಅತಿ ಕಡಿಮೆ ಹೆದರುವ, ಕಚ್ಚದ ನರಿಗಳನ್ನಷ್ಟೇ ಆರಿಸಿ ಮರಿ ಮಾಡಿಸುತ್ತ ಹೋದಾಗ, ಕೆಲವೇ ತಲೆಮಾರುಗಳ ನಂತರ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ಮರಿಗಳು ಹುಟ್ಟಿದವು. ಅಂದರೆ ಪಳಗಿದ ಸ್ವಭಾವ ರಕ್ತದಲ್ಲಿ ಬರಬೇಕು, ತಲೆಮಾರುಗಳ ಆಯ್ಕೆಯಿಂದ ಬರಬೇಕು. ಬಿಲದಿಂದ ಬಂದ ಮರಿಗೆ ಎಷ್ಟು ಹಾಲುಣಿಸಿದರೂ ಅದು ಮನುಷ್ಯನಿಗೆ ಒಗ್ಗಿದ ಕಾಡುಪ್ರಾಣಿಯೇ ಹೊರತು ನಾಯಿಯಾಗುವುದಿಲ್ಲ. ಮನೆಗೂ ಸಲ್ಲದೆ, ಬಯಲಿಗೂ ಸಲ್ಲದೆ ಪಂಜರದಲ್ಲಿ ಆಯುಷ್ಯ ಕಳೆಯಬೇಕಾಗುತ್ತದೆ.

ಬಾಗಿಲು ತೆರೆಯುವ ದಿನ

ಬೇಸಿಗೆಯ ಕೊನೆಗೆ, ಕಾಡಿನ ಮರಿಗಳು ತಾಯಿಯ ಹಂಗು ಬಿಡುವ ಹೊತ್ತಿಗೇ ಸಾಕಿದ ಮರಿಗಳ ಬಿಡುಗಡೆ. ಆಸ್ಪತ್ರೆಯಿಂದ ನೇರವಾಗಿ ಬಯಲಿಗೆ ಬಿಡುವುದಿಲ್ಲ. ಒಪ್ಪಿಗೆ ಕೊಟ್ಟ ಜಮೀನುದಾರರ ಹೊಲದಂಚಿನಲ್ಲಿ ತಂತಿಬಲೆಯ ದೊಡ್ಡ ಗೂಡು ಕಟ್ಟಿ, ಮರಿಗಳ ಗುಂಪನ್ನು ಕೆಲವು ವಾರ ಅಲ್ಲಿಡುತ್ತಾರೆ. ಆ ಜಾಗದ ಮಣ್ಣಿನ ವಾಸನೆ, ರಾತ್ರಿಯ ಸದ್ದು, ಮಳೆ ಗಾಳಿ ಅವಕ್ಕೆ ಪರಿಚಯವಾಗಬೇಕು. ಆಮೇಲೆ ಒಂದು ಸಂಜೆ ಗೂಡಿನ ಬಾಗಿಲು ತೆರೆದಿಟ್ಟು ಬರುತ್ತಾರೆ. ಕೆಲವು ಅಂದೇ ಓಡುತ್ತವೆ, ಕೆಲವು ಮರಳಿ ಬಂದು ಗೂಡಿನಲ್ಲೇ ಮಲಗುತ್ತವೆ. ಅಲ್ಲಿ ಇಡುವ ಆಹಾರವನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಒಂದು ದಿನ ಇಟ್ಟ ಆಹಾರ ಇಟ್ಟಂತೆಯೇ ಉಳಿಯುತ್ತದೆ. ಅಂದಿಗೆ ಕೆಲಸ ಮುಗಿಯಿತು.

ಮುಗಿಯಿತೇ? ಬಿಟ್ಟ ಮರಿ ಬದುಕಿತೇ ಎಂದು ಕೇಳುವ ಧೈರ್ಯವೂ ಬೇಕು. ಬ್ರಿಸ್ಟಲ್ಲಿನ ನರಿಗಳನ್ನು 1977ರಿಂದ ಅಧ್ಯಯನ ಮಾಡಿದ ಸ್ಟೀಫನ್ ಹ್ಯಾರಿಸ್ ಮತ್ತು ಸಂಗಡಿಗರು, ಕೈಯಲ್ಲಿ ಬೆಳೆದ ಮರಿಗಳು ಬಿಡುಗಡೆಯ ನಂತರ ಏನಾಗುತ್ತವೆ ಎಂಬ ಬಗ್ಗೆ 1995ರಲ್ಲಿ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. ದಯೆಯ ಕೆಲಸಕ್ಕೂ ಲೆಕ್ಕ ಬೇಕು, ಬಿಟ್ಟು ಬಂದ ತೃಪ್ತಿಯನ್ನೇ ಯಶಸ್ಸೆಂದು ತಿಳಿಯಬಾರದು ಎಂಬ ವಿವೇಕ ಹೀಗೆ ಬೆಳೆಯಿತು. ಕಾಡಿನಲ್ಲಿ ಹುಟ್ಟಿ ಬೆಳೆದ ನರಿಯ ಆಯುಷ್ಯವೇ ಸರಾಸರಿ ಎರಡು ವರ್ಷ ದಾಟುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ನಗರದ ನರಿಗಳಿಗಂತೂ ವಾಹನವೇ ದೊಡ್ಡ ಶತ್ರು.

ಏಕೆ ಈ ಶ್ರಮ?

ವಿರೋಧದ ಮಾತುಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಕುರಿಮರಿ ಕಳೆದುಕೊಳ್ಳುವ ರೈತನಿಗೆ, ಸಾಕಿದ ನರಿಗಳನ್ನು ತನ್ನ ಸೀಮೆಯ ಬಳಿ ತಂದು ಬಿಡುವುದು ನಗರದವರ ಮೋಜಿನಂತೆ ಕಾಣುತ್ತದೆ. ಪರಿಸರ ತಜ್ಞರ ಪ್ರಶ್ನೆ ಬೇರೆ. 1995ರ ಒಂದು ಅಂದಾಜಿನಂತೆ ಬ್ರಿಟನ್ನಿನಲ್ಲಿ ಸುಮಾರು 2 ಲಕ್ಷ 40 ಸಾವಿರ ವಯಸ್ಕ ನರಿಗಳಿದ್ದವು, ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಮರಿಗಳು ಹುಟ್ಟುತ್ತಿದ್ದವು. ಅಳಿವಿನ ಭಯವಿಲ್ಲದ ಈ ಪ್ರಾಣಿಯ ಕೆಲವು ನೂರು ಮರಿಗಳನ್ನು ಉಳಿಸಿದರೆ ಪ್ರಕೃತಿಗೆ ಆಗುವ ಲಾಭವೇನು?

ಲೆಕ್ಕದಲ್ಲಿ ಲಾಭವೇನೂ ಇಲ್ಲ. ಆಸ್ಪತ್ರೆಯವರೂ ಅದನ್ನು ಒಪ್ಪುತ್ತಾರೆ. ಅವರ ವಾದ ಇಷ್ಟೆ: ಈ ಮರಿಗಳಲ್ಲಿ ಹೆಚ್ಚಿನವು ತಬ್ಬಲಿಯಾದದ್ದು ಪ್ರಕೃತಿಯಿಂದಲ್ಲ, ಮನುಷ್ಯನ ರಸ್ತೆಯಿಂದ, ಕಟ್ಟಡದಿಂದ, ನಾಯಿಯಿಂದ. ಮಾಡಿದವರೇ ಒಂದಿಷ್ಟು ತೀರಿಸಬೇಕು. ಬೇಟೆಯ ಕಾಲದ ಕಾಳಜಿ ಸಂತತಿಯನ್ನು ನೋಡಿ ಒಂಟಿ ಜೀವವನ್ನು ಮರೆತಿತ್ತು. ಈ ಕಾಲದ ಕಾಳಜಿ ಸಂತತಿಯ ಲೆಕ್ಕ ಬಿಟ್ಟು ಒಂಟಿ ಜೀವದ ಮುಂದೆ ಮಂಡಿಯೂರಿ ಕೂತಿದೆ.

ಎರಡು ಕಾಲಗಳ ನಡುವಿನ ಜಗಳ ಸಂಸತ್ತಿನಲ್ಲೂ ನಡೆಯಿತು. 2002ರ ಸೆಪ್ಟೆಂಬರಿನಲ್ಲಿ ಹಳ್ಳಿಗಾಡಿನ ಹಕ್ಕುಗಳ ಹೆಸರಿನಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಲಂಡನ್ನಿನಲ್ಲಿ ಮೆರವಣಿಗೆ ಮಾಡಿದರು. ಬೇಟೆಯ ಪರ ಇಷ್ಟೊಂದು ಜನ ನಿಂತರೂ ನಾಯಿಗಳಿಂದ ನರಿ ಬೇಟೆಯಾಡುವುದನ್ನು ನಿಷೇಧಿಸುವ ಕಾಯ್ದೆ 2004ರಲ್ಲಿ ಅಂಗೀಕಾರವಾಗಿ, 2005ರ ಫೆಬ್ರುವರಿ 18ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜಾರಿಗೆ ಬಂತು. ಸ್ಕಾಟ್ಲೆಂಡ್ 2002ರಲ್ಲೇ ಕಾನೂನು ಮಾಡಿತ್ತು. ಆದರೂ ಹಳೆಯ ಕೈ ಪೂರ್ತಿ ಮರೆಯಾಗಿಲ್ಲ. ಹೆರಿಫರ್ಡ್‌ಷೈರಿನ ಬೇಟೆ ತಂಡವೊಂದರ ನಾಯಿಗೂಡಿಗೆ ನರಿ ಮರಿಗಳನ್ನು ಹಾಕಿದ್ದು 2016ರಲ್ಲಿ ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಗಿ, 2019ರಲ್ಲಿ ನ್ಯಾಯಾಲಯ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿತು. ಅಲ್ಲಿ ಕಾನೂನಿಗೆ ಹಿಡಿತ ಸಿಕ್ಕದ್ದು ಮರಿಗಳು ಮನುಷ್ಯನ ವಶದಲ್ಲಿದ್ದುದರಿಂದ. ಒಮ್ಮೆ ಕೈಗೆ ತೆಗೆದುಕೊಂಡರೆ ಅದರ ಹೊಣೆಯನ್ನೂ ಹೊರಬೇಕು ಎಂಬುದು 2006ರ ಪ್ರಾಣಿಕಲ್ಯಾಣ ಕಾಯ್ದೆಯ ನಿಯಮ.

ನಮ್ಮ ಬಯಲಿನಲ್ಲಿ

ಇಂಗ್ಲೆಂಡಿನ ಈ ಅನುಭವದಲ್ಲಿ ನಮಗೂ ಪಾಠವಿದೆ. ಕಬ್ಬು ಕಟಾವಿನ ಕಾಲದಲ್ಲಿ ಗದ್ದೆಯೊಳಗೆ ಚಿರತೆ ಮರಿ, ಕಾಡುಬೆಕ್ಕಿನ ಮರಿ, ನರಿ ಮರಿ ಸಿಗುವುದು ಮಂಡ್ಯದ ಕಡೆಯ ರೈತರಿಗೆ ಹೊಸದಲ್ಲ. ಎತ್ತಿಕೊಂಡು ಮನೆಗೆ ತಂದು ಹಸುವಿನ ಹಾಲು ಕುಡಿಸಿ, ಮಕ್ಕಳ ಕೈಗೆ ಕೊಟ್ಟು ಫೋಟೊ ತೆಗೆಸುವುದು ಪ್ರೀತಿಯಿಂದಲೇ ಆದರೂ ಮರಿಗೆ ಅಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮಹಾರಾಷ್ಟ್ರದ ಜುನ್ನರ್ ಪ್ರದೇಶದ ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಚಿರತೆ ಮರಿಗಳನ್ನು ಅರಣ್ಯ ಇಲಾಖೆಯವರೂ ವನ್ಯಜೀವಿ ತಜ್ಞರೂ ಸೇರಿ, ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು ತಾಯಿಗೆ ಮುಟ್ಟಿಸಿದ ನಿದರ್ಶನಗಳು ಹಲವು. ಕೆಂಟ್ ಪ್ರಾಂತ್ಯದ ಹಿತ್ತಲಿನಲ್ಲಿ ನಡೆಯುವ ಉಪಾಯ ಜುನ್ನರಿನ ಗದ್ದೆಯಲ್ಲೂ ನಡೆಯುತ್ತದೆ. ಮರಿ ಸಿಕ್ಕರೆ ಮುಟ್ಟದೆ, ನಾಯಿ ಮತ್ತು ಜನರನ್ನು ದೂರವಿಟ್ಟು, ಅರಣ್ಯ ಇಲಾಖೆಗೆ ತಿಳಿಸುವುದೇ ಮೊದಲ ಚಿಕಿತ್ಸೆ.

ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎನ್ನುವ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಒಳ್ಳೆಯದೇನಾದರೂ ಆದರೆ ಇವತ್ತು ಯಾವ ನರಿ ಮುಖ ನೋಡಿ ಎದ್ದೆಯೋ ಎಂದು ಕೇಳುತ್ತೇವೆ. ಸಾಕಿದ ಕೈಯಿಂದ ಬಿಡುಗಡೆ ಪಡೆದು ಬಯಲು ಸೇರಿದ ಮರಿಗೆ ಮಾತ್ರ ಮನುಷ್ಯನ ಮುಖವನ್ನು ಮತ್ತೆ ನೋಡದಿರುವುದೇ ಅದೃಷ್ಟ.